ತೊಟ್ಟಿಮನೆಯಿಂದ ಅಂಗಡಿಗೆ: ಕವಲಂದೆ ಸೀಮೆಯ ಪೇಟೆಮನೆಗಳ ವಾಸ್ತುವಿಚಾರ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ವಾಸ್ತುಸಂಪತ್ತೆಂದರೆ ವಿದ್ವಾಂಸರ ದೃಷ್ಟಿ ಸಹಜವಾಗಿ ದೇವಾಲಯಗಳ ಕಡೆಗೆ ಹರಿಯುತ್ತದೆ. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯ, ತಲಕಾಡಿನ ಮರಳಿನಡಿಯ ಗುಡಿಗಳು, ಸೋಮನಾಥಪುರದ ಕೇಶವ ದೇವಾಲಯ, ಇವುಗಳ ವಿಷಯವಾಗಿ ಬೇಕಾದಷ್ಟು ಬರಹವಿದೆ. ಸೋಮನಾಥಪುರವು ೨೦೨೩ರಲ್ಲಿ ಬೇಲೂರು ಹಳೇಬೀಡುಗಳೊಡನೆ ವಿಶ್ವಪರಂಪರೆಯ ತಾಣಗಳ ಪಟ್ಟಿಗೂ ಸೇರಿತು. ಈ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೪ರಷ್ಟು ಹಿಂದೆಯೇ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಆದರೆ ಆ ದೇವಾಲಯಗಳಿಗೆ ನಡೆದುಕೊಂಡ ಜನರು ವಾಸಿಸಿದ ಮನೆಗಳು ಹೇಗಿದ್ದುವು, ಅವು ಈಗ ಏನಾಗುತ್ತಿವೆ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಕಲ್ಲಿನ ಗುಡಿ ಕಾದು ನಿಲ್ಲಬಲ್ಲದು. ಮಣ್ಣಿನ ಗೋಡೆಯ ಮನೆ ಕಾಯಲಾರದು. ಆದ್ದರಿಂದ ಈ ಪ್ರಶ್ನೆಯನ್ನು ಮುಂದಕ್ಕೆ ಹಾಕುವಂತಿಲ್ಲ.

ಪ್ರಸ್ತುತ ಲೇಖನದಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಅಂಥ ಮನೆಗಳಲ್ಲಿ ಒಂದು ವರ್ಗ ಮಾತ್ರ: ಪೇಟೆಯ ಬೀದಿಗೆ ಮುಖಮಾಡಿ ನಿಂತು, ಕಾಲಕ್ರಮದಲ್ಲಿ ಅಂಗಡಿಯಾಗಿ ಪರಿವರ್ತನೆ ಹೊಂದಿದ ತೊಟ್ಟಿಮನೆ. ಕವಲಂದೆಯು ನಂಜನಗೂಡು ತಾಲ್ಲೂಕಿನಲ್ಲಿ, ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ಹಾದಿಯ ಮೇಲಿದೆ, ಹೋಬಳಿಯ ಕೇಂದ್ರ, ರೈಲು ನಿಲ್ದಾಣವುಳ್ಳ ಊರು. ಹಳ್ಳಿಯ ಒಕ್ಕಲುತನವೂ ಪೇಟೆಯ ವ್ಯಾಪಾರವೂ ಒಂದೇ ಬೀದಿಯಲ್ಲಿ ಕೂಡುವ ಇಂಥ ಊರುಗಳಲ್ಲಿಯೇ ಮನೆಯು ಅಂಗಡಿಯಾಗುವ ಕ್ರಮವನ್ನು ಸ್ಪಷ್ಟವಾಗಿ ಗುರುತಿಸಬಹುದು. ಮೈಸೂರಿನಂಥ ನಗರದಲ್ಲಿ ಹಳೆಯದು ಪೂರ್ತಿಯಾಗಿ ಮಾಯವಾಗಿ ಹೊಸದು ಎದ್ದಿರುತ್ತದೆ. ಸಣ್ಣ ಊರಿನಲ್ಲಿ ಹಳೆಯದರ ಮೇಲೆಯೇ ಹೊಸದು ಕುಳಿತಿರುತ್ತದೆ.

೧. ಮನೆಯ ವಿನ್ಯಾಸ

ಹಳೆಯ ಮೈಸೂರು ಸೀಮೆಯ ಅನುಕೂಲಸ್ಥರ ಮನೆಗೆ ತೊಟ್ಟಿಮನೆ ಎಂಬ ಹೆಸರು. ತೊಟ್ಟಿ ಎಂದರೆ ನೀರು ನಿಲ್ಲುವ ಪಾತ್ರೆ, ಕುಂಡ. ಮನೆಯ ನಡುವೆ ಆಕಾಶಕ್ಕೆ ತೆರೆದುಕೊಂಡ, ಸುತ್ತಲಿನ ನೆಲಕ್ಕಿಂತ ಒಂದು ಮೆಟ್ಟಿಲಿನಷ್ಟು ತಗ್ಗಾದ ಚೌಕವಿರುತ್ತದೆ. ನಾಲ್ಕು ಕಡೆಯ ಛಾವಣಿಗಳೂ ಅದರೊಳಕ್ಕೆ ಇಳಿಜಾರಾಗಿರುವುದರಿಂದ ಮಳೆಯ ನೀರೆಲ್ಲ ಅಲ್ಲಿಗೇ ಬೀಳುತ್ತದೆ. ಹೀಗೆ ನೀರನ್ನು ಹಿಡಿಯುವ ಈ ಚೌಕದ ಹೆಸರೇ ಇಡೀ ಮನೆಗೆ ಬಂದಿದೆ. ಬಿದ್ದ ನೀರು ಕಲ್ಲಿನ ಕಾಲುವೆಯ ಮೂಲಕ ಗೋಡೆಯ ಅಡಿಯಲ್ಲಿ ಹಾದು ಬೀದಿಯ ಚರಂಡಿಗೋ ಹಿತ್ತಲಿಗೋ ಹೋಗುತ್ತದೆ.

ಬೀದಿಯಿಂದ ಒಳಗೆ ಹೋಗುವವನಿಗೆ ಮೊದಲು ಎದುರಾಗುವುದು ಜಗಲಿ. ಇದು ಸೊಂಟದೆತ್ತರದ ಕಟ್ಟೆ. ಅಂಚಿಗೆ ಕಲ್ಲು ಚಪ್ಪಡಿ, ಮೇಲೆ ಮುಂಚಾಚಿದ ಸೂರು, ಸೂರಿಗೆ ಆಧಾರವಾಗಿ ಮರದ ಕಂಬಗಳು. ಜಗಲಿಯ ನಡುವೆ ಮೆಟ್ಟಿಲು, ಅದರಾಚೆ ದಪ್ಪ ಬಾಗಿಲುವಾಡವುಳ್ಳ ತಲೆಬಾಗಿಲು. ಹೊಸ್ತಿಲನ್ನು ದಾಟಿದರೆ ಹಜಾರ. ಅದರ ಮುಂದೆ ತೊಟ್ಟಿ, ತೊಟ್ಟಿಯ ಸುತ್ತ ಪಡಸಾಲೆ. ಪಡಸಾಲೆಯಿಂದ ಕೋಣೆಗಳು, ದೇವರ ಮನೆ, ಅಡಿಗೆಮನೆ, ಬಚ್ಚಲು. ಕೊನೆಯಲ್ಲಿ ಹಿತ್ತಲು, ಬಾವಿ, ದನದ ಕೊಟ್ಟಿಗೆ. ಮೇಲೆ ಅಟ್ಟ, ಸಾಮಾನು ಮತ್ತು ಧಾನ್ಯಗಳಿಗಾಗಿ. ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ಇಡುತ್ತಿದ್ದುದೂ ಉಂಟು. ಹೊರಗಿನವರು ಜಗಲಿಯವರೆಗೆ, ಪರಿಚಿತರು ಹಜಾರದವರೆಗೆ, ಬಂಧುಗಳು ಪಡಸಾಲೆಯವರೆಗೆ, ಮನೆಯವರು ಅಡಿಗೆಮನೆಯವರೆಗೆ ಎಂಬ ಕ್ರಮವನ್ನು ಈ ವಿನ್ಯಾಸವೇ ಸಾರುತ್ತದೆ. ಈ ಕ್ರಮದ ಹಿಂದೆ ಜಾತಿಯ ಕಟ್ಟುಪಾಡುಗಳೂ ಇದ್ದುವೆಂಬುದನ್ನು ಮರೆಯಲಾಗದು: ಕೆಲವರು ಜಗಲಿಯನ್ನೂ ಹತ್ತುವಂತಿರಲಿಲ್ಲ. ಈ ಮನೆಗಳನ್ನು ಹೊಗಳುವಾಗ ಇದನ್ನೂ ಹೇಳಬೇಕು.

ಗೋಡೆಗಳು ಕಲ್ಲಿನ ತಳಪಾಯದ ಮೇಲೆ ಮಣ್ಣಿನಿಂದ ಎದ್ದುವು. ಕೆಮ್ಮಣ್ಣನ್ನು ತುಳಿದು ಹದಮಾಡಿ, ವರಸೆ ವರಸೆಯಾಗಿ ಇಟ್ಟು, ಒಂದು ವರಸೆ ಒಣಗಿದ ಬಳಿಕ ಇನ್ನೊಂದನ್ನು ಏರಿಸುತ್ತಿದ್ದರು. ದಪ್ಪ ಒಂದೂವರೆಯಿಂದ ಎರಡು ಅಡಿ. ಜೇಡಿ ಹೆಚ್ಚಾದ ಕಪ್ಪುಮಣ್ಣು ನೆನೆದಾಗ ಹಿಗ್ಗಿ ಒಣಗಿದಾಗ ಬಿರಿಯುವುದರಿಂದ ಗೋಡೆಗೆ ಒದಗುವುದಿಲ್ಲ. ಗೋಡೆಯ ಮೇಲೆ ಸುಣ್ಣದ ಗಾರೆ ಅಥವಾ ಮಣ್ಣಿನ ಮೆತ್ತುಗೆ, ಪ್ರತಿವರ್ಷ ಹಬ್ಬಕ್ಕೆ ಸುಣ್ಣ. ಛಾವಣಿಗೆ ಮೊದಲು ಕುಂಬಾರನು ಮಾಡಿದ ನಾಡಹೆಂಚು; ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಮಂಗಳೂರು ಹೆಂಚು ಕ್ರಮವಾಗಿ ಬಯಲುಸೀಮೆಗೂ ಬಂದಿತು. ಹೊಸ ಹೆಂಚು ಒಂದಕ್ಕೊಂದು ಕಚ್ಚಿಕೊಳ್ಳುವುದರಿಂದ ಕಡಮೆ ಸಂಖ್ಯೆಯಲ್ಲಿ ಸಾಕಾಗುತ್ತದೆ, ಛಾವಣಿ ಹಗುರವಾಗುತ್ತದೆ. ಅದಕ್ಕೆ ಹೆಚ್ಚಿನ ಇಳಿಜಾರು ಬೇಕಾದ್ದರಿಂದ ಹಳೆಯ ಮನೆಗಳ ಸೂರಿನ ರೇಖೆ ಬದಲಾಯಿತು. ಒಂದೇ ಮನೆಯ ಬೀದಿಯ ಕಡೆಗೆ ಮಂಗಳೂರು ಹೆಂಚೂ ಹಿತ್ತಲ ಕಡೆಗೆ ನಾಡಹೆಂಚೂ ಇದ್ದರೆ, ಬೀದಿಯ ಮುಖವನ್ನು ಮೊದಲು ಹೊಸದು ಮಾಡಿದರೆಂದು ತಿಳಿಯಬಹುದು.

೨. ಅಂಕಣವೆಂಬ ಅಳತೆ

ಈ ಮನೆಗಳನ್ನು ಅಳೆಯುವ ಮಾನವು ಅಡಿಯೂ ಅಲ್ಲ, ಗಜವೂ ಅಲ್ಲ, ಅಂಕಣ. ಎರಡು ಕಂಬಗಳ ಅಥವಾ ಎರಡು ತೊಲೆಗಳ ನಡುವಣ ಎಡೆಗೆ ಅಂಕಣವೆಂದು ಹೆಸರು. ಎಂಟು ಅಂಕಣದ ಮನೆ, ಹನ್ನೆರಡು ಅಂಕಣದ ಮನೆ ಎಂದು ಹಳಬರು ಹೇಳುವುದು ಈ ಲೆಕ್ಕದಲ್ಲಿ. ಅಂಕಣದ ಅಗಲವನ್ನು ನಿರ್ಣಯಿಸುವುದು ಮರ. ಒಬ್ಬ ಒಕ್ಕಲಿಗನಿಗೆ ದೊರಕಬಹುದಾದ ತೇಗ, ಹೊನ್ನೆ, ಮತ್ತಿ ಅಥವಾ ಹಲಸಿನ ತೊಲೆಯು ಬಾಗದೆ ಎಷ್ಟು ದೂರ ನಿಲ್ಲಬಲ್ಲುದೋ ಅಷ್ಟೇ ಅಂಕಣ. ಸಾಮಾನ್ಯವಾಗಿ ಏಳೆಂಟು ಅಡಿಯ ಆಸುಪಾಸು. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಹೆಂಚು. ಬೋದಿಗೆಯು ಅಲಂಕಾರಕ್ಕಾಗಿ ಮಾತ್ರ ಇರುವುದೆಂದು ನೋಡುವವರು ತಿಳಿಯುವುದುಂಟು. ವಾಸ್ತವವಾಗಿ ಅದು ಕಂಬದ ಎರಡು ಪಕ್ಕಕ್ಕೂ ಚಾಚಿ ತೊಲೆಯ ಬರಿದಾದ ಉದ್ದವನ್ನು ತಗ್ಗಿಸುತ್ತದೆ. ಎರಡು ಕಡೆಯಿಂದಲೂ ಒಂದೊಂದಡಿ ಚಾಚಿದ ಬೋದಿಗೆಗಳಿದ್ದರೆ ಎಂಟಡಿಯ ಅಂಕಣವು ತೊಲೆಯ ಪಾಲಿಗೆ ಆರೇ ಅಡಿಯಾಗುತ್ತದೆ.

ಮನೆಯು ಅಂಗಡಿಯಾಗುವುದಕ್ಕೆ ದಾರಿಮಾಡಿಕೊಟ್ಟದ್ದು ಈ ಅಂಕಣವೇ ಎಂಬುದು ಈ ಲೇಖನದ ಮುಖ್ಯ ಅಭಿಪ್ರಾಯ. ಒಂದು ಅಂಕಣದ ಅಗಲವೆಂದರೆ ವ್ಯಾಪಾರಿಯು ಕುಳಿತಲ್ಲಿಂದಲೇ ಎರಡು ಕಡೆಯ ಸಾಮಾನಿಗೂ ಕೈಚಾಚಬಹುದಾದ ಅಗಲ. ಜಗಲಿಯ ಒಂದು ಅಂಕಣವನ್ನು ಅಡ್ಡ ಮರೆಮಾಡಿದರೆ ಅಂಗಡಿ ಸಿದ್ಧ. ಕಂಬವನ್ನು ಮುಟ್ಟಬೇಕಾಗಿಲ್ಲ, ಗೋಡೆಯನ್ನು ಕಡಿಯಬೇಕಾಗಿಲ್ಲ. ಅಂಗಳ, ಅಂಗಡಿ, ಅಂಕಣ ಎಂಬ ಮಾತುಗಳ ಧ್ವನಿಸಾಮ್ಯವನ್ನು ಕಂಡು ಅವೆಲ್ಲ ಒಂದೇ ಮೂಲದವೆಂದು ಊಹಿಸುವ ಆಸೆಯಾಗಬಹುದು, ಅದಕ್ಕೆ ಅವಸರಪಡಬಾರದು. ಅಂಗಡಿ ಎಂಬುದು ತಮಿಳು, ಮಲಯಾಳ, ತೆಲುಗುಗಳಲ್ಲಿಯೂ ಸ್ವಲ್ಪ ರೂಪಭೇದದಿಂದ ಇರುವ ಹಳೆಯ ದ್ರಾವಿಡ ಶಬ್ದವೆಂಬಷ್ಟನ್ನು ಮಾತ್ರ ಇಲ್ಲಿ ಹೇಳಬಹುದು. ಶಬ್ದಗಳ ನಂಟು ಏನೇ ಇರಲಿ, ವಸ್ತುಗಳ ನಂಟು ನಿಶ್ಚಿತವಾದದ್ದು.

೩. ಪರಿವರ್ತನೆಯ ಮೊದಲ ಹಂತ: ಜಗಲಿಯ ಅಂಗಡಿ

ಜಾತ್ರೆ ಸಂತೆಗಳ ಕಾಲದಲ್ಲಿ ಜಗಲಿಯನ್ನು ವ್ಯಾಪಾರಿಗಳಿಗೆ ಬಿಟ್ಟುಕೊಡುವುದು ಹಳೆಯ ರೂಢಿ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ರಥಗಳು ಸಾಗುವ ಬೀದಿಗಳಂಥ ಕಡೆ ಮನೆಯ ಜಗಲಿಗಿರುವ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ದಿನದ ಅಂಗಡಿ ಕಾಲಕ್ರಮದಲ್ಲಿ ವರ್ಷವೆಲ್ಲ ಇರುವ ಅಂಗಡಿಯಾಯಿತು. ಮನೆಯ ಯಜಮಾನನೇ ಜಗಲಿಯಲ್ಲಿ ಕುಳಿತು ದವಸ, ಬೆಲ್ಲ, ಎಣ್ಣೆ, ಜವಳಿಗಳನ್ನು ಮಾರಲಾರಂಭಿಸಿದನು. ಅಥವಾ ಬಾಡಿಗೆಗೆ ಕೊಟ್ಟನು.

ಈ ಅಂಗಡಿಯ ಮುಖ್ಯ ಲಕ್ಷಣ ಹಲಗೆಬಾಗಿಲು. ಹೊಸ್ತಿಲಿನಲ್ಲಿಯೂ ಮೇಲಣ ಪಟ್ಟಿಯಲ್ಲಿಯೂ ಗಾಡಿ ತೋಡಿ, ಒಂದೊಂದೇ ಹಲಗೆಯನ್ನು ಪಕ್ಕದಿಂದ ಸೇರಿಸಿ, ಕೊನೆಯ ಹಲಗೆಗೆ ಅಡ್ಡಪಟ್ಟಿ ಹಾಕಿ ಬೀಗವಿಡುತ್ತಾರೆ. ಹಲಗೆಗಳು ತಮ್ಮ ಸ್ಥಾನವನ್ನು ಬದಲಾಯಿಸಲಾರವಾದ್ದರಿಂದ ಅವುಗಳ ಮೇಲೆ ಅಂಕೆಗಳನ್ನು ಕೆತ್ತಿರುತ್ತಾರೆ. ಬೆಳಿಗ್ಗೆ ಹಲಗೆಗಳನ್ನು ತೆಗೆದರೆ ಇಡೀ ಅಂಕಣ ಬೀದಿಗೆ ತೆರೆದುಕೊಳ್ಳುತ್ತದೆ. ವ್ಯಾಪಾರಿ ಮೇಲೆ ಕುಳಿತಿರುತ್ತಾನೆ, ಗಿರಾಕಿ ಕೆಳಗೆ ನಿಂತಿರುತ್ತಾನೆ. ಜಗಲಿಯ ಎತ್ತರದಿಂದಾಗಿ ಇಬ್ಬರ ಕಣ್ಣುಗಳೂ ಸುಮಾರು ಒಂದೇ ಮಟ್ಟದಲ್ಲಿರುತ್ತವೆ. ತಲೆಬಾಗಿಲಿಗೆ ಇದರಿಂದ ಅಡ್ಡಿಯಿಲ್ಲ. ಅಂಗಡಿಯೂ ಸಂಸಾರವೂ ಒಂದೇ ಸೂರಿನಡಿಯಲ್ಲಿ ಒಂದಕ್ಕೊಂದು ತಾಗದೆ ನಡೆಯುತ್ತವೆ.

ಈ ಬಗೆಯ ಏರ್ಪಾಡು ನಮ್ಮಲ್ಲಿ ಮಾತ್ರ ಹುಟ್ಟಿದುದಲ್ಲ. ಕ್ರಿ. ಶ. ೭೯ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಇಟಲಿಯ ಪಾಂಪೇ ನಗರದಲ್ಲಿಯೂ ಅನುಕೂಲಸ್ಥರ ಮನೆಗಳ ನಡುವೆ ಆಕಾಶಕ್ಕೆ ತೆರೆದ ಚೌಕವಿದ್ದಿತು; ಒಳಮುಖವಾಗಿ ಇಳಿದ ಛಾವಣಿಯ ನೀರು ಕೆಳಗಿನ ಕುಂಡಕ್ಕೆ ಬೀಳುತ್ತಿದ್ದಿತು. ತಲೆಬಾಗಿಲಿನ ಎರಡು ಪಕ್ಕದ ಬೀದಿಕೋಣೆಗಳು ಅಂಗಡಿಗಳಾಗಿದ್ದುವು. ಅವುಗಳ ಹೊಸ್ತಿಲುಗಳಲ್ಲಿ ಹಲಗೆಗಳನ್ನು ಸೇರಿಸುವ ಗಾಡಿಗಳು ಈಗಲೂ ಕಾಣುತ್ತವೆ. ಪರಸ್ಪರ ಸಂಪರ್ಕದಿಂದ ಹೀಗಾಯಿತೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಬೀದಿಯ ಅಂಚಿನ ನೆಲ ಬೆಲೆಯುಳ್ಳದ್ದು, ಒಳಗಿನ ಬದುಕಿಗೆ ಗಾಳಿ ಬೆಳಕು ಬೇಕಾದದ್ದು: ಈ ಎರಡು ಅಗತ್ಯಗಳನ್ನು ಮೇಳವಿಸಹೊರಟ ಎರಡು ದೂರದ ಜನಾಂಗಗಳು ಒಂದೇ ಬಗೆಯ ಉತ್ತರವನ್ನು ಕಂಡುಕೊಂಡುವು.

೪. ಎರಡನೆಯ ಹಂತ ಮತ್ತು ಅದರ ಕಾರಣಗಳು

ಮೈಸೂರಿನಿಂದ ನಂಜನಗೂಡಿಗೆ ರೈಲು ೧೮೯೧ರಲ್ಲಿ ಬಂದಿತು. ಅಲ್ಲಿಂದ ಚಾಮರಾಜನಗರದವರೆಗೆ ೧೯೨೬ರಲ್ಲಿ ಮುಂದುವರಿಯಿತು. ಕವಲಂದೆಯು ಈ ದಾರಿಯ ಮೇಲೆ ಬಿದ್ದಿತು. ಬಸ್ಸು ಲಾರಿಗಳು ಬಂದ ಮೇಲೆ ರಸ್ತೆಯ ಬದಿಯ ನೆಲಕ್ಕೆ ಇನ್ನಷ್ಟು ಬೆಲೆಯೇರಿತು. ಆದರೆ ಹೊರಗಿನ ಕಾರಣಗಳಷ್ಟೇ ಪ್ರಬಲವಾದ ಒಳಗಿನ ಕಾರಣವೊಂದಿದೆ. ಅದು ಮನೆಯ ಪಾಲು. ಅವಿಭಕ್ತ ಕುಟುಂಬಕ್ಕಾಗಿ ಕಟ್ಟಿದ ತೊಟ್ಟಿಮನೆಯನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುವಾಗ ಪ್ರತಿಯೊಬ್ಬನಿಗೂ ಬೀದಿಯ ಮುಖ ಬೇಕು. ಆಗ ಪಾಲಿನ ಗೆರೆಯು ತಲೆಬಾಗಿಲಿನಿಂದ ಹಿತ್ತಲಿನವರೆಗೆ ನೇರವಾಗಿ ಹೋಗಿ ತೊಟ್ಟಿಯನ್ನೇ ಸೀಳುತ್ತದೆ. ತೊಟ್ಟಿಯ ನಡುವೆ ಗೋಡೆ ಎದ್ದ ಮೇಲೆ ಎರಡು ಕಡೆಯಲ್ಲಿಯೂ ಉಳಿಯುವುದು ಉದ್ದನೆಯ, ಇಕ್ಕಟ್ಟಾದ, ಕತ್ತಲೆಯ ಓಣಿ. ಅದು ವಾಸಕ್ಕೆ ಹಿತವಲ್ಲ; ಅಂಗಡಿಗೂ ದಾಸ್ತಾನಿಗೂ ಆಗಬಹುದು. ಮನೆಯವರು ಊರಿನ ಹೊರಗಿನ ಹೊಸ ಬಡಾವಣೆಗೆ ಹೋಗುತ್ತಾರೆ. ಹಳೆಯ ಮನೆಯು ಪೂರ್ತಿಯಾಗಿ ಅಂಗಡಿಯಾಗುತ್ತದೆ.

ಈ ಎರಡನೆಯ ಹಂತದಲ್ಲಿ ಗಿರಾಕಿಯು ಬೀದಿಯಲ್ಲಿ ನಿಲ್ಲುವುದಿಲ್ಲ, ಒಳಗೆ ಬರುತ್ತಾನೆ. ಆದ್ದರಿಂದ ಜಗಲಿಯನ್ನು ಒಡೆದು ಬೀದಿಯ ಮಟ್ಟಕ್ಕೆ ಇಳಿಸುತ್ತಾರೆ. ಮುಂಗೋಡೆಯನ್ನು ಕಡಿದು ರೋಲಿಂಗ್ ಷಟರ್ ಇಡುತ್ತಾರೆ. ನಡುವೆ ಅಡ್ಡವಾದ ಕಂಬವನ್ನು ತೆಗೆಯುತ್ತಾರೆ. ತೊಟ್ಟಿಗೆ ತಗಡು ಹೊದಿಸುತ್ತಾರೆ. ಇವು ನಾಲ್ಕೂ ಸಣ್ಣ ಕೆಲಸಗಳಾಗಿ ಕಾಣುತ್ತವೆ. ಆದರೆ ಮನೆಯು ನಿಂತಿರುವುದು ಈ ನಾಲ್ಕರ ಆಧಾರದ ಮೇಲೆಯೇ.

೫. ಗೋಡೆಯ ಭಾರದ ಲೆಕ್ಕ

ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಒಂದು ಲೆಕ್ಕವನ್ನು ಕೊಡಬಹುದು. ಮಣ್ಣಿನ ಗೋಡೆಯೊಂದರಲ್ಲಿ ೩ ಮೀಟರು ಅಗಲದ ಬಾಗಿಲನ್ನು ಕಡಿದರೆಂದೂ, ಗೋಡೆಯ ದಪ್ಪ ೪೫ ಸೆಂಟಿಮೀಟರೆಂದೂ, ಬಾಗಿಲಿನ ಮೇಲೆ ಉಳಿದ ಗೋಡೆಯ ಎತ್ತರ ೧.೨ ಮೀಟರೆಂದೂ ಇಟ್ಟುಕೊಳ್ಳೋಣ. ಅಷ್ಟು ಗೋಡೆಯ ಘನಫಲ ೧.೬೨ ಘನಮೀಟರು. ಘನಮೀಟರಿಗೆ ೧೮೦೦ ಕಿಲೋಗ್ರಾಮಿನಂತೆ ಅದರ ತೂಕ ಸುಮಾರು ೨೯೦೦ ಕಿಲೋಗ್ರಾಮು. ಗೋಡೆಯು ಅಖಂಡವಾಗಿದ್ದಾಗ ಈ ತೂಕವು ೩ ಮೀಟರು ಉದ್ದಕ್ಕೂ, ಅಂದರೆ ೧೩,೫೦೦ ಚದರ ಸೆಂಟಿಮೀಟರಿನ ಮೇಲೆ, ಹಂಚಿಹೋಗಿದ್ದಿತು. ಈಗ ಅಡ್ಡ ತೊಲೆಯೊಂದನ್ನು ಹಾಕಿ, ಅದರ ತುದಿಗಳನ್ನು ಎರಡು ಪಕ್ಕದಲ್ಲಿಯೂ ೩೦ ಸೆಂಟಿಮೀಟರಿನಷ್ಟು ಗೋಡೆಯ ಮೇಲೆ ಕೂರಿಸಿದರೆ, ಭಾರವೆಲ್ಲ ೨,೭೦೦ ಚದರ ಸೆಂಟಿಮೀಟರಿನ ಮೇಲೆ ಬೀಳುತ್ತದೆ. ಎಂದರೆ ಒತ್ತಡವು ಐದು ಪಟ್ಟಾಯಿತು. ಇದಕ್ಕೆ ಛಾವಣಿಯ ಭಾರವನ್ನೂ, ಷಟರಿನ ತೂಕವನ್ನೂ, ಅದನ್ನು ದಿನಕ್ಕೆ ಹಲವು ಸಲ ಎಳೆದು ಇಳಿಸುವಾಗಿನ ಅದುರನ್ನೂ ಸೇರಿಸಬೇಕು. ಕಲ್ಲಿನ ಅಥವಾ ಸುಟ್ಟ ಇಟ್ಟಿಗೆಯ ಗೋಡೆ ಇದನ್ನು ಸಹಿಸಬಹುದು. ಮಣ್ಣಿನ ಗೋಡೆಯ ಶಕ್ತಿ ಅವಕ್ಕಿಂತ ಬಹಳ ಕಡಮೆ; ಅದರಲ್ಲಿಯೂ ಬುಡ ನೆನೆದರೆ ಆ ಶಕ್ತಿಯೂ ಉಳಿಯದು.

ಬುಡ ನೆನೆಯುವುದು ಹೇಗೆಂಬುದನ್ನೂ ನೋಡಬೇಕು. ಜಗಲಿಯು ಮುಂಗೋಡೆಯ ಬುಡವನ್ನು ಬೀದಿಯ ನೀರಿನಿಂದ ಕಾಪಾಡುತ್ತಿದ್ದಿತು. ಅದನ್ನು ಒಡೆದ ಮೇಲೆ, ಡಾಂಬರು ಹಾಕಿ ಹಾಕಿ ಎತ್ತರಿಸಿದ ರಸ್ತೆಯ ನೀರು ನೇರವಾಗಿ ಗೋಡೆಗೆ ತಗಲುತ್ತದೆ. ಆ ತೇವವನ್ನು ಮುಚ್ಚಲು ಸಿಮೆಂಟಿನ ಗಿಲಾವು ಮಾಡಿಸುತ್ತಾರೆ. ಸುಣ್ಣದ ಗಾರೆಯ ಮೂಲಕ ಗೋಡೆಯ ತೇವ ಆವಿಯಾಗಿ ಹೊರಗೆ ಹೋಗಬಲ್ಲುದು. ಸಿಮೆಂಟಿನ ಗಿಲಾವು ಅದನ್ನು ಒಳಗೇ ತಡೆಯುತ್ತದೆ. ಹೊರಗೆ ಗೋಡೆ ಗಟ್ಟಿಯಾಗಿ ಕಾಣುತ್ತಿರುವಾಗಲೇ ಒಳಗೆ ಮಣ್ಣು ಮೆತ್ತಗಾಗುತ್ತದೆ. ಕೊನೆಗೆ ಗಿಲಾವು ಮಣ್ಣನ್ನು ಅಂಟಿಸಿಕೊಂಡೇ ಚಕ್ಕೆ ಚಕ್ಕೆಯಾಗಿ ಕಳಚುತ್ತದೆ. ಪಡಸಾಲೆಯಲ್ಲಿ ರಸಗೊಬ್ಬರದ ಮೂಟೆಗಳನ್ನು ಗೋಡೆಗೆ ಒರಗಿಸಿದರೆ ಅದರ ಲವಣಗಳು ತೇವದೊಡನೆ ಗೋಡೆಯೊಳಕ್ಕೆ ಹೋಗಿ, ಒಣಗಿದಾಗ ಹರಳುಗಟ್ಟಿ, ಮೇಲ್ಮೈಯನ್ನು ಪುಡಿ ಮಾಡುತ್ತವೆ.

೬. ತೊಟ್ಟಿಯನ್ನು ಮುಚ್ಚಿದರೆ

ತೊಟ್ಟಿಯು ಮನೆಯ ಉಸಿರು. ಹಗಲಿನ ಬಿಸಿಗಾಳಿ ತೊಟ್ಟಿಯ ಮೂಲಕ ಮೇಲಕ್ಕೆ ಹೋಗುತ್ತದೆ. ಅದರ ಸ್ಥಳಕ್ಕೆ ಬಾಗಿಲುಗಳಿಂದಲೂ ಹಿತ್ತಲಿನಿಂದಲೂ ತಂಪುಗಾಳಿ ಬರುತ್ತದೆ. ದಪ್ಪ ಗೋಡೆಯು ಹಗಲಿನ ಬಿಸಿಯನ್ನು ತಾನು ಹೀರಿಕೊಂಡು ಒಳಗನ್ನು ತಂಪಾಗಿಡುತ್ತದೆ. ರಾತ್ರಿ ಆ ಬಿಸಿಯು ತೊಟ್ಟಿಯ ಮೂಲಕ ಆಕಾಶಕ್ಕೆ ಹೋಗುತ್ತದೆ. ತೊಟ್ಟಿಯ ಮೇಲೆ ತಗಡನ್ನು ಹೊದಿಸಿದರೆ ಬಿಸಿಗಾಳಿಗೆ ದಾರಿಯಿಲ್ಲ, ತಗಡು ತಾನೇ ಬಿಸಿಯ ಮೂಲವಾಗುತ್ತದೆ. ಒಳಗೆ ಹಗಲಲ್ಲಿಯೂ ದೀಪ ಬೇಕಾಗುತ್ತದೆ, ಫ್ಯಾನು ಬೇಕಾಗುತ್ತದೆ. ಇದಕ್ಕಿಂತ ಮುಖ್ಯವಾಗಿ, ನಾಲ್ಕು ಕಡೆಯ ಛಾವಣಿಯ ನೀರು ಎಲ್ಲಿಗೆ ಹೋಗಬೇಕು? ತಗಡಿನ ಅಂಚು ಹೆಂಚಿನೊಡನೆ ಕೂಡುವ ಕಡೆ ದೋಣಿ ಇಡಬೇಕು. ಅದರಲ್ಲಿ ಎಲೆ ಕಸ ತುಂಬಿದರೆ ನೀರು ಹಿಂದಕ್ಕೆ ಉಕ್ಕಿ ತೊಲೆಯ ತುದಿಯನ್ನು ನೆನೆಸುತ್ತದೆ. ಮರದ ತೊಲೆಯು ಕೊಳೆಯುವುದು ನಡುವಿನಲ್ಲಿ ಅಲ್ಲ, ಗೋಡೆಯೊಳಗೆ ಹುದುಗಿದ ಈ ತುದಿಯಲ್ಲಿ. ಅಲ್ಲಿ ಗೆದ್ದಲು ಹಿಡಿದರೂ ತೊಲೆ ಕುಸಿಯುವವರೆಗೆ ಯಾರಿಗೂ ಕಾಣುವುದಿಲ್ಲ.

ಹಳೆಯ ಕಟ್ಟಡದಲ್ಲಿ ವ್ಯಾಪಾರ ನಡೆಯುವಾಗ ಅದರ ಆರೈಕೆ ತಪ್ಪಿದರೆ ಹೋಗುವುದು ಕಟ್ಟಡ ಮಾತ್ರವಲ್ಲ. ಮೈಸೂರಿನಲ್ಲಿ ೧೮೯೨ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು ೨೦೧೨ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ೨೦೧೬ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಿತು. ಇವು ಮೊದಲಿನಿಂದಲೂ ಅಂಗಡಿಗಳಿಗಾಗಿಯೇ ಕಟ್ಟಿದ, ಸುಣ್ಣದ ಗಾರೆಯ ಭಾರಿ ಕಟ್ಟಡಗಳು. ಅಂಥವೇ ಹೀಗಾದಾಗ, ವಾಸಕ್ಕೆಂದು ಮಣ್ಣಿನಲ್ಲಿ ಕಟ್ಟಿ ಆಮೇಲೆ ಕಡಿದು ಕೆತ್ತಿದ ಮನೆಗಳ ವಿಷಯದಲ್ಲಿ ಇನ್ನಷ್ಟು ಎಚ್ಚರವಿರಬೇಕೆಂಬುದು ಸ್ಪಷ್ಟ.

೭. ಏನು ಮಾಡಬಹುದು

ಮನೆಯು ಅಂಗಡಿಯಾಗುವುದೇ ತಪ್ಪೆಂದು ಹೇಳಲಾಗದು. ಬಾಡಿಗೆ ಬರುವ ಕಟ್ಟಡಕ್ಕೆ ಹೆಂಚು ಕೈಯಾಡಿಸುವವರು ಇರುತ್ತಾರೆ. ಪಾಳುಬಿದ್ದ ಮನೆಗೆ ಯಾರೂ ಇರುವುದಿಲ್ಲ. ಅನೇಕ ಹಳೆಯ ಮನೆಗಳು ಇನ್ನೂ ನಿಂತಿರುವುದು ಅಂಗಡಿಯಾದುದರಿಂದಲೇ. ೧೯೫೮ರ ಕೇಂದ್ರ ಶಾಸನವು ಕನಿಷ್ಠ ನೂರು ವರ್ಷದ ಪ್ರಾಚೀನ ಸ್ಮಾರಕಗಳಿಗೆ ರಕ್ಷಣೆ ಕೊಡುತ್ತದೆ. ಆದರೆ ಊರೂರಿನ ಖಾಸಗಿ ಮನೆಗಳಿಗೆಲ್ಲ ಅದನ್ನು ಅನ್ವಯಿಸುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. ಮನೆಯ ಒಡೆಯನಿಗೂ ಸಂಸಾರವಿದೆ. ಆದ್ದರಿಂದ ಪ್ರಶ್ನೆಯು ಪರಿವರ್ತನೆ ಬೇಕೇ ಬೇಡವೇ ಎಂಬುದಲ್ಲ, ಯಾವ ರೀತಿಯ ಪರಿವರ್ತನೆ ಎಂಬುದು.

ಮೇಲಿನ ವಿವೇಚನೆಯಿಂದ ಕೆಲವು ಸೂತ್ರಗಳು ತಾವಾಗಿ ಹೊರಡುತ್ತವೆ. ತೆರಪನ್ನು ಅಂಕಣದ ಅಳತೆಗೆ ಮಿತಿಗೊಳಿಸಬೇಕು. ಎರಡು ಅಂಕಣ ಬೇಕಾದರೆ ಎರಡು ಬಾಗಿಲುಗಳಾಗಲಿ, ನಡುವಣ ಕಂಬ ಉಳಿಯಲಿ. ಹಲಗೆಬಾಗಿಲು ಇರುವಲ್ಲಿ ಅದನ್ನೇ ದುರಸ್ತಿ ಮಾಡಿಸಬೇಕು. ಜಗಲಿಯನ್ನು ಒಡೆಯದೆ, ಹತ್ತಲಾರದವರಿಗಾಗಿ ಒಂದು ಪಕ್ಕದಲ್ಲಿ ಇಳಿಜಾರು ಕಟ್ಟೆಯನ್ನು ಕಟ್ಟಬಹುದು. ಹಿಂದೆ ಕೆಲವರಿಗೆ ಇಲ್ಲದಿದ್ದ ಪ್ರವೇಶವು ಹೀಗೆ ಎಲ್ಲರಿಗೂ ದೊರೆಯುತ್ತದೆ. ತೊಟ್ಟಿಯನ್ನು ಮುಚ್ಚಲೇಬೇಕಾದರೆ ಹಳೆಯ ಛಾವಣಿಗಿಂತ ಎರಡಡಿ ಮೇಲೆ, ಬೇರೆಯ ಕಂಬಗಳ ಮೇಲೆ, ನಾಲ್ಕು ಕಡೆಯೂ ಗಾಳಿಯಾಡುವಂತೆ ಬೆಳಕಿನ ಹೊದಿಕೆಯನ್ನು ನಿಲ್ಲಿಸಬೇಕು. ನೀರಿನ ಹಳೆಯ ಕಾಲುವೆಯನ್ನು ಮುಚ್ಚಬಾರದು. ಮಣ್ಣಿನ ಗೋಡೆಗೆ ಸುಣ್ಣದ ಗಾರೆಯೇ ಆಗಬೇಕು. ಮೂಟೆಗಳನ್ನು ಗೋಡೆಯಿಂದ ಒಂದಡಿ ದೂರದಲ್ಲಿ, ಹಲಗೆಯ ಮೇಲೆ ಇಡಬೇಕು. ಇವುಗಳಲ್ಲಿ ಯಾವುದೂ ವ್ಯಾಪಾರಕ್ಕೆ ಅಡ್ಡಿಯಲ್ಲ.

ಕೊನೆಯದಾಗಿ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಮಾತು. ದೇವಾಲಯದ ಅಧ್ಯಯನಕ್ಕೆ ಶಾಸನವಿದೆ. ಮನೆಯ ಅಧ್ಯಯನಕ್ಕೆ ಮನೆಯೇ ಶಾಸನ. ಪಾಲುಪತ್ರಗಳು, ಬಾಡಿಗೆಯ ಕರಾರುಗಳು, ಹೆಂಚಿನ ಮೇಲಣ ಕಾರ್ಖಾನೆಯ ಮುದ್ರೆ, ಹಲಗೆಯ ಮೇಲಣ ಅಂಕೆ, ಗೋಡೆಯಲ್ಲಿ ಮುಚ್ಚಿಹೋದ ಹಳೆಯ ಕಿಟಕಿಯ ಗುರುತು, ಇವೆಲ್ಲ ಆಧಾರಗಳು. ರಜೆಯಲ್ಲಿ ತಮ್ಮ ತಮ್ಮ ಊರುಗಳಿಗೆ ಹೋಗುವ ವಿದ್ಯಾರ್ಥಿಗಳು ಒಂದೊಂದು ಮನೆಯನ್ನಾದರೂ ಒಡೆಯರ ಒಪ್ಪಿಗೆಯಿಂದ ಅಳೆದು ನಕ್ಷೆ ಬರೆದು, ಅದರ ಅಂಕಣಗಳನ್ನು ಎಣಿಸಿ, ಬಡಗಿಯಿಂದಲೂ ಗಾರೆಯವನಿಂದಲೂ ಮನೆಯ ಹಿರಿಯ ಹೆಂಗಸರಿಂದಲೂ ಆಯಾ ಭಾಗಗಳ ಹೆಸರುಗಳನ್ನು ಕೇಳಿ ಗುರುತುಹಾಕಿಕೊಳ್ಳಬೇಕು. ಮನೆ ಬಿದ್ದರೆ ಅದರೊಡನೆ ಬೋದಿಗೆ, ಅಂಕಣ, ಹಗೇವು ಮುಂತಾದ ಮಾತುಗಳೂ ಹೋಗುತ್ತವೆ. ಕವಲಂದೆಯಂಥ ಹತ್ತು ಊರುಗಳಿಂದ ಹತ್ತು ಹತ್ತು ನಕ್ಷೆಗಳು ಬಂದರೆ ಈ ಸೀಮೆಯ ಪೇಟೆಮನೆಯ ಚರಿತ್ರೆಯನ್ನು ಬರೆಯುವುದು ಸಾಧ್ಯವಾದೀತು. ಅಳತೆಪಟ್ಟಿ, ಕಾಗದ, ತಾಳ್ಮೆ ಇವಿಷ್ಟೇ ಈ ಕೆಲಸಕ್ಕೆ ಬೇಕಾದ ಸಾಮಗ್ರಿ.